ಹಳೆಯ ಟ್ಯೂನುಗಳನ್ನು ಅಳಿಸಲೋ, ತಿದ್ದಲೋ? ಅನುಭವ ಇದ್ದವರು ಹೇಳಿ

ಪೆರ್ಲದ ಹತ್ತಿರದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಟೀಚರ್. ಚಿಕ್ಕಂದಿನಲ್ಲಿ ಕಲಿತ ವೀಣೆ ವರ್ಣದವರೆಗೆ (ಕೃತಿಗಳಿಗೆ ಮೊದಲಿನ ಪಾಠ) ಬಂದು ನಿಂತಿತು. ಒಂಬತ್ತು ವರ್ಷಗಳಿಂದ ಕೀಬೋರ್ಡ್, ಕಂಪ್ಯೂಟರ್ ಇಟ್ಟುಕೊಂಡು ಸಾಹಿತ್ಯವಿಲ್ಲದ ಟ್ಯೂನುಗಳನ್ನು ಕಟ್ಟುತ್ತಿದ್ದೇನೆ. ಈಗ ಹದಿನಾಲ್ಕು ಆಗಿವೆ. ಮೊನ್ನೆ ಎಲ್ಲವನ್ನೂ ಒಂದೇ ರಾತ್ರಿ ಕೇಳಿದೆ. ಎರಡು ಮಾತ್ರ ನನ್ನವು ಅನ್ನಿಸಿತು, ಉಳಿದವು ಯಾರೋ ಮಾಡಿಟ್ಟ ಹಾಗೆ. ಮನೆಯವರನ್ನು ಕೇಳಿದರೆ ‘ಚೆಂದ ಉಂಟು’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆ ಹನ್ನೆರಡನ್ನು ಅಳಿಸಿಬಿಡಲೋ, ಕೂತು ತಿದ್ದಲೋ? ನಾವು ಮಾಡಿದ್ದನ್ನು ನಾವೇ ಅಳೆಯುವುದು ಹೇಗೆ? ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ನೀರ್ಚಾಲಿನ ಅಡಕೆ ಕೃಷಿಕರು:

ಟೀಚರೇ, ಅಳಿಸಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಅಳಿಸಿದವನು. 2003ರಿಂದ ಟ್ಯೂನು ಕಟ್ಟುತ್ತಿದ್ದೇನೆ. 2011ರಲ್ಲಿ ಒಂದು ದಿನ ಬೇಸರ ಬಂದು ಐದನ್ನು ತೆಗೆದುಹಾಕಿದೆ. ಆ ಟ್ಯೂನುಗಳು ಬೇಕು ಅಂತ ಈಗ ಅನ್ನಿಸುವುದಿಲ್ಲ. ಆದರೆ ಆ ಕಾಲದಲ್ಲಿ ನನ್ನ ಕಿವಿಗೆ ಏನು ಕೇಳುತ್ತಿತ್ತು ಅಂತ ತಿಳಿಯಲಿಕ್ಕೆ ಬೇರೆ ದಾರಿ ಇಲ್ಲ. ಉಳಿದವು ಇಪ್ಪತ್ತೆರಡು. ಅವುಗಳಲ್ಲಿ ಮೂರರ ಕಥೆ ಹೇಳುತ್ತೇನೆ.

ನನ್ನ ಮೊದಲ ಟ್ಯೂನಿನ ಹೆಸರು ‘ಸುರಂಗ’. ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಅಜ್ಜನ ಕಾಲದ ಸುರಂಗ ಉಂಟು. ನೀರಿಗಾಗಿ ಮುರಕಲ್ಲಿನೊಳಗೆ ಅಡ್ಡಕ್ಕೆ ತೋಡಿದ್ದು, ಒಬ್ಬ ಆಳು ಬಗ್ಗಿ ಹೋಗುವಷ್ಟು. ನೀರು ಹರಿದು ಕೆಳಗಿನ ಮದಕಕ್ಕೆ (ಕೆರೆಗೆ) ಬೀಳುತ್ತದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಣ್ಣವನಿದ್ದಾಗ ಅದರ ಬಾಯಿಯಲ್ಲಿ ಕೂತು ಒಳಗಿನ ಹನಿ ಕೇಳುತ್ತಿದ್ದೆ. ಒಂದು ಹನಿ, ಎಷ್ಟೋ ಹೊತ್ತು ಏನೂ ಇಲ್ಲ, ಆಮೇಲೆ ಎರಡು ಒಟ್ಟೊಟ್ಟಿಗೆ. ಅದನ್ನೇ ಕೀಬೋರ್ಡಿನಲ್ಲಿ ತರಬೇಕು ಅಂತ ಹೊರಟೆ. ನುಡಿಸಿದ್ದು ತಾಳಕ್ಕೆ ಸರಿಯಾಗಿ ಕೂರಲಿಲ್ಲ ಅಂತ ಕ್ವಾಂಟೈಸ್ ಒತ್ತಿದೆ. ಅದು ಮಾಡುವುದು ಇಷ್ಟೆ: ಹಿಂದೆಮುಂದೆ ಬಿದ್ದ ಪ್ರತಿಯೊಂದು ಸ್ವರವನ್ನು ಹತ್ತಿರದ ಮಾತ್ರೆಯ ಗೆರೆಗೆ ಎಳೆದು ಕೂರಿಸುತ್ತದೆ. ಎಲ್ಲ ಹನಿಗಳೂ ಸಾಲಾಗಿ ನಿಂತವು, ಟ್ಯೂನು ಗೋಡೆ ಗಡಿಯಾರವಾಯಿತು. ಏಳು ವರ್ಷ ನನಗೆ ತಪ್ಪು ಎಲ್ಲಿ ಅಂತ ಗೊತ್ತಾಗಲಿಲ್ಲ. ಒಂದು ಮಳೆಗಾಲದಲ್ಲಿ ಮತ್ತೆ ಸುರಂಗದ ಬಾಯಿಗೆ ಹೋಗಿ ಕೂತಾಗ ತಿಳಿಯಿತು. ಅಲ್ಲಿ ನಾನು ಕೇಳುತ್ತಿದ್ದದ್ದು ಹನಿಯನ್ನಲ್ಲ, ಮುಂದಿನ ಹನಿ ಯಾವಾಗ ಬೀಳುತ್ತದೆ ಎಂಬ ಕಾಯುವಿಕೆಯನ್ನು. ಯಂತ್ರ ತೆಗೆದುಹಾಕಿದ್ದು ಅದನ್ನೇ.

ಎರಡನೆಯದು ಮೋಹನ ರಾಗದಲ್ಲಿ ಕಟ್ಟಿದ್ದು. ಸ ರಿ ಗ ಪ ದ, ಐದೇ ಸ್ವರ, ಸುಲಭ ಅಂತ ಶುರು ಮಾಡಿದೆ. ಹತ್ತುವಾಗ ಸರಿ ಹೋಗುತ್ತಿತ್ತು, ಇಳಿಯುವಾಗ ಬೆರಳು ತಾನಾಗಿ ಈ ರಾಗದಲ್ಲಿಲ್ಲದ ನಿಷಾದ (ನಿ) ಮುಟ್ಟುತ್ತಿತ್ತು, ಮಧ್ಯಮವೂ (ಮ) ಬರುತ್ತಿತ್ತು. ರಾಗ ಕೆಡಿಸಿದೆ ಅಂತ ನಾಚಿಕೆಯಾಗಿ ಯಾರಿಗೂ ಕೇಳಿಸಲಿಲ್ಲ. ಬಹಳ ಕಾಲದ ಮೇಲೆ ಪರಿಚಯದ ವೀಣೆ ಟೀಚರ್ ಒಬ್ಬರು ಕೇಳಿ, ಇದು ಮೋಹನಕಲ್ಯಾಣಿ ಅಲ್ವಾ ಅಂದರು. ಆರೋಹಣ ಮೋಹನದ್ದು, ಅವರೋಹಣ ಕಲ್ಯಾಣಿಯದ್ದು. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಬಳಕೆಗೆ ತಂದ ರಾಗ. ನನ್ನ ತಪ್ಪಿಗೆ ಒಂದು ಹೆಸರು, ಒಂದು ಮನೆ ಇತ್ತು! ತಿದ್ದಲಿಕ್ಕೆ ಕೂತಿದ್ದರೆ ಆ ನಿಷಾದವನ್ನೇ ಮೊದಲು ಕಿತ್ತುಹಾಕುತ್ತಿದ್ದೆ. ಆದ್ದರಿಂದ ನಿಮ್ಮ ಹನ್ನೆರಡರಲ್ಲಿ ಪದೇ ಪದೇ ಬರುವ ‘ತಪ್ಪು’ ಯಾವುದು ಅಂತ ಹುಡುಕಿ. ಒಂದೇ ತಪ್ಪು ನಾಲ್ಕು ಕಡೆ ಬಂದರೆ ಅದು ಬಹುಶಃ ನಿಮ್ಮ ಕಿವಿಯ ಬಯಕೆ.

ಮೂರನೆಯದೇ ನನ್ನ ಕಣ್ಣು ತೆರೆಸಿದ್ದು. ನೆರೆಮನೆಯ ಹುಡುಗ ಒಬ್ಬ ಕೊಳಲು ಕಲಿಯುತ್ತಿದ್ದ. ನಾನು ಬಹಳ ಮೆಚ್ಚಿಕೊಂಡಿದ್ದ ಒಂದು ಕೊಳಲಿನ ಟ್ಯೂನನ್ನು ಸ್ವರ ಬರೆದು ಅವನ ಕೈಗೆ ಕೊಟ್ಟೆ. ನಾಲ್ಕು ಸಾಲು ನುಡಿಸಿದವ ಕೊಳಲು ಕೆಳಗಿಟ್ಟು ಕೇಳಿದ: “ಮಾವ, ಉಸಿರು ಎಲ್ಲಿ ತೆಗೊಳ್ಳುದು?” ಹದಿನಾರು ಆವರ್ತ (ತಾಳದ ಸುತ್ತು) ಎಡೆಬಿಡದೆ ಬರೆದಿದ್ದೆ. ಕೀಬೋರ್ಡುಗಳಲ್ಲಿರುವ ಜನರಲ್ ಮಿಡಿ ಎಂಬ ಸಾಮಾನ್ಯ ಪಟ್ಟಿಯಲ್ಲಿ ವಾದ್ಯಗಳು 128, ಕೊಳಲು 74ನೆಯದು. ಆ ಎಪ್ಪತ್ತನಾಲ್ಕಕ್ಕೆ ಶ್ವಾಸಕೋಶ ಇಲ್ಲ, ಬೆರಳು ಒತ್ತಿದಷ್ಟು ಹೊತ್ತೂ ಊದುತ್ತದೆ. ನಾನು ಬರೆದದ್ದು ಕೊಳಲಿಗಲ್ಲ, ನನ್ನ ಬೆರಳಿಗೆ.

ಅಂದಿನಿಂದ ಕಟ್ಟಿದ್ದನ್ನೆಲ್ಲ ಮೊದಲು ಬಾಯಲ್ಲಿ ಹಾಡುತ್ತೇನೆ. ನನ್ನ ಕಂಠ ಏನೂ ಚೆಂದ ಇಲ್ಲ, ಆದರೂ ಹಾಡುತ್ತೇನೆ. ಉಸಿರು ತೆಗೆದ ಜಾಗದಲ್ಲಿ ಸ್ವರದ ಮೇಲೆ ಒಂದು ಸಣ್ಣ ಗೀಟು. ಪಿಟೀಲಿಗಾಗಲೀ ವೀಣೆಗಾಗಲೀ ಉಸಿರು ಬೇಡ, ನಿಜ. ಆದರೆ ಕೇಳುವವರಿಗೆ ಬೇಕು. ಗಮಕದ (ಸ್ವರವನ್ನು ಜಾರಿಸಿ ಅಲುಗಿಸುವುದರ) ವಿಷಯವೂ ಹಾಡಿದರೆ ಮಾತ್ರ ಗೊತ್ತಾಗುತ್ತದೆ. ಕೀಬೋರ್ಡಿನ ಪಿಚ್ ಚಕ್ರ ಸಾಮಾನ್ಯವಾಗಿ ಎರಡು ಸ್ವರಸ್ಥಾನ ಮೇಲೆ, ಎರಡು ಕೆಳಗೆ ಜಾರುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ನಿಧಾನ ಅಂತ ಗಂಟಲಿಗೆ ಮೊದಲೇ ತಿಳಿದಿದ್ದರೆ ಮಾತ್ರ ಕೈಗೆ ಬರುತ್ತದೆ, ಇಲ್ಲದಿದ್ದರೆ ಬರೀ ಅಲುಗಾಟ. ನೀವು ವೀಣೆಯಲ್ಲಿ ತಂತಿ ಎಳೆದವರು, ನನಗಿಂತ ನಿಮಗೆ ಇದು ಹತ್ತಿರ. ಆ ಕೈಯನ್ನು ಮರೆಯಬೇಡಿ.

ಈ ಪರೀಕ್ಷೆಯಲ್ಲಿ ನನ್ನ ಇಪ್ಪತ್ತೆರಡರಲ್ಲಿ ಹನ್ನೊಂದು ಬಿದ್ದುಹೋದವು. ಅವನ್ನು ತಿದ್ದಲಿಲ್ಲ. ಹಳೆಯದನ್ನು ತಿದ್ದಲು ಕೂತರೆ ಹಿಂದಿನ ನಾವು ಒಂದು ಕಡೆ ಎಳೆಯುತ್ತೇವೆ, ಈಗಿನ ನಾವು ಇನ್ನೊಂದು ಕಡೆ. ಅದರ ಬದಲು ಹಾಡಲಿಕ್ಕೆ ಬಂದ ಒಂದೇ ಸಾಲನ್ನು ಎತ್ತಿಕೊಂಡು ಹೊಸದು ಶುರು ಮಾಡುತ್ತೇನೆ. ಈಗಿನ ‘ಸುರಂಗ’ದಲ್ಲಿ ಹಳೆಯದರಿಂದ ಉಳಿದದ್ದು ಐದು ಸ್ವರ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಟ್ಯೂನಿಗೆ ಒಂದು ಪುಟ: ಯಾವ ದಿನ, ಎಲ್ಲಿ ಹೊಳೆಯಿತು, ತಲೆಯಲ್ಲಿ ಕೇಳಿದ್ದು ಯಾವ ವಾದ್ಯ, ಯಾವ ಜಾಗದಲ್ಲಿ ನಿಮಗೇ ಖುಷಿಯಾಯಿತು. ಆರು ತಿಂಗಳು ಬಿಟ್ಟು, ಕೈಯಲ್ಲಿ ಕೆಲಸ ಇರುವಾಗ ಕೇಳಿ. ನಾನು ಅಡಕೆ ಸುಲಿಯುವಾಗ ಮೊಬೈಲಿನಲ್ಲಿ ಹಾಕಿಡುತ್ತೇನೆ. ಸುಲಿಯುವ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಏನೋ ಉಂಟು. ಹದಿನಾಲ್ಕನ್ನೂ ಒಂದೇ ರಾತ್ರಿ ಕೇಳಿದ್ದೀರಿ ಅಂದಿರಲ್ಲ, ಅದು ಆಗಬಾರದಿತ್ತು. ಹಾಗೆ ಕೇಳಿದರೆ ಯಾರದ್ದಾದರೂ ಸಪ್ಪೆಯಾಗುತ್ತದೆ.

ಮುಳ್ಳೇರಿಯದ ಹವ್ಯಾಸಿ ಚೆಂಡೆಯವರು:

ಅಣ್ಣ ಹೇಳಿದ್ದು ಸರಿ, ನಾನು ತಾಳದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾವು ಕುಂಬಳೆ ಸೀಮೆಯವರು, ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವರು. ಯಕ್ಷಗಾನದ ಪ್ರಸಂಗ ಪುಸ್ತಕ ತೆರೆದು ನೋಡಿ, ಪ್ರತಿ ಪದ್ಯದ ತಲೆಯಲ್ಲಿ ರಾಗ, ತಾಳ ಬರೆದಿರುತ್ತದೆ. ನಿಮ್ಮ ಹದಿನಾಲ್ಕಕ್ಕೂ ಹಾಗೆ ಬರೆದು ನೋಡಿ. ಎಲ್ಲದರ ತಲೆಯಲ್ಲೂ ಎಂಟಕ್ಷರವೇ (ತಾಳದ ಎಂಟು ಎಣಿಕೆ) ಬಂದರೆ ತಾಳ ಆರಿಸಿದ್ದು ನೀವಲ್ಲ, ಕಂಪ್ಯೂಟರಿನ ರೆಡಿಮೇಡ್ ಡ್ರಮ್. ನನಗೆ ಹಾಗೆಯೇ ಆಗಿತ್ತು. ನನ್ನ ಒಂದು ಟ್ಯೂನು ಕುಂಟುತ್ತದೆ ಅಂತ ಎರಡು ವರ್ಷ ಬಿಟ್ಟಿದ್ದೆ. ಮದ್ದಳೆಯ ಗೆಳೆಯ ತೊಡೆಯ ಮೇಲೆ ಬಡಿದು ನೋಡಿ, ಇದು ತ್ರಿವುಡೆ ಮಾರಾಯಾ, ಏಳಕ್ಷರ, ನೀನು ಎಂಟರಲ್ಲಿ ತುರುಕಿದ್ದೀ ಅಂದ. ಮೂರು, ಎರಡು, ಎರಡು ಅಂತ ಬಿಟ್ಟ ಮೇಲೆ ಅದು ತಾನಾಗಿ ನಡೆಯಿತು.

ಇನ್ನೊಂದು: ಎಲ್ಲದಕ್ಕೂ ತಾಳವಾದ್ಯ ಹಾಕಬೇಡಿ. ಕರುಣರಸದ ಪದ್ಯಕ್ಕೆ ಮದ್ದಳೆ ಸಾಕು, ಚೆಂಡೆಯ ಕೋಲು ನಾವು ಕೆಳಗಿಡುತ್ತೇವೆ. ನಿಜವಾದ ಚೆಂಡೆ ರೆಕಾರ್ಡ್ ಮಾಡುವುದಾದರೆ ಮೊಬೈಲನ್ನು ಹತ್ತಿರ ಇಡಬೇಡಿ, ಶಬ್ದ ಒಡೆದುಹೋಗುತ್ತದೆ. ಹದಿನೈದು ಅಡಿ ದೂರ ಇಟ್ಟರೆ ನಮ್ಮ ಅಂಗಳದ ಮಟ್ಟಿಗೆ ಚೆನ್ನಾಗಿ ಬಂದಿದೆ.

ಉಪ್ಪಳದಿಂದ ಒಬ್ಬರು:

ಎರಡು ನನ್ನವು ಅನ್ನಿಸಿತು ಅಂದಿರಲ್ಲ ಟೀಚರ್, ಆ ಎರಡನ್ನು ಜೋಪಾನ ಮಾಡಿ. ನನ್ನ ಒಂದು ಟ್ಯೂನು ಯಾರದ್ದೋ ಮದುವೆ ವಿಡಿಯೋದಲ್ಲಿ ಕೇಳಿಸಿತು, ಕೇಳಿರಲೂ ಇಲ್ಲ, ಹೇಳಿರಲೂ ಇಲ್ಲ. ಮನಸ್ಸಿಗೆ ತುಂಬ ನೋವಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯವಿಲ್ಲದ ಸಂಗೀತವೂ ಕೃತಿಯೇ. ನೋಂದಣಿ ಕಡ್ಡಾಯವಲ್ಲ, ಹಕ್ಕು ಕರ್ತೃವಿನ ಮರಣದ ನಂತರವೂ 60 ವರ್ಷ ಇರುತ್ತದೆ. ಆದರೆ ನಮ್ಮದು ಅಂತ ತೋರಿಸಲಿಕ್ಕೆ ಏನಾದರೂ ಬೇಕಲ್ಲ. ತಾರೀಕು ಹಾಕಿ ಸ್ವರ ಬರೆದಿಡಿ, ಮೂಲ ಫೈಲನ್ನು ಬೇರೆ ಎರಡು ಕಡೆ ಇಡಿ. ಜೂನ್‌ನಲ್ಲಿ ಸಿಡಿಲಿಗೆ ನನ್ನ ಕಂಪ್ಯೂಟರ್ ಹೋದಾಗ ಉಳಿದದ್ದು ತಂಗಿಯ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಮಾತ್ರ.

ಪೆರ್ಲದ ಟೀಚರ್:

ಎಲ್ಲರಿಗೂ ಧನ್ಯವಾದ. ಮೂರು ದಿನದಿಂದ ದಿನಕ್ಕೆರಡರಂತೆ ಹಾಡಿ ನೋಡುತ್ತಿದ್ದೇನೆ. ಇಷ್ಟರವರೆಗೆ ಆರು. ನಾಲ್ಕು ಹಾಡಲಿಕ್ಕೇ ಬರಲಿಲ್ಲ, ನಾನು ನನ್ನವು ಅಂದುಕೊಂಡಿದ್ದ ಎರಡರಲ್ಲಿ ಒಂದೂ ಸೇರಿ. ಅದು ಸ್ವಲ್ಪ ಚುಚ್ಚಿತು. ಆದರೆ ಮೂರನೆಯದು, ಅಳಿಸಬೇಕು ಅಂತಿದ್ದದ್ದು, ಸರಾಗ ಬಂತು. ತೊಡೆ ಬಡಿದು ಎಣಿಸಿದೆ, ಅದೂ ಏಳೇ! ಎಂಟಕ್ಷರದ ಡ್ರಮ್ ತೆಗೆದುಹಾಕಿದೆ. ಈಗ ಎರಡನೆಯ ಸಾಲಿನ ನಂತರ ತುಂಬ ಖಾಲಿ ಕಾಣುತ್ತದೆ. ಅಲ್ಲಿ ಏನು ಹಾಕಲಿ?

ನೀರ್ಚಾಲಿನ ಅಡಕೆ ಕೃಷಿಕರು:

ಸದ್ಯಕ್ಕೆ ತಂಬೂರಿ ಶ್ರುತಿ ಮಾತ್ರ ಇರಲಿ. ಸ್ವರ ಬರೆದು ಕಳಿಸಿ, ಉಸಿರಿನ ಗೀಟು ಹಾಕಲು ಮರೆಯಬೇಡಿ. ಕೊಳಲಿನ ಹುಡುಗ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಶನಿವಾರ ಊರಿಗೆ ಬರುತ್ತಾನೆ. ಅವನ ಕೈಯಲ್ಲಿ ಒಮ್ಮೆ ನುಡಿಸಿ ನೋಡುವಾ. ಅವನಿಗೂ ಅಲ್ಲಿ ಖಾಲಿ ಅನ್ನಿಸಿದರೆ ಆಮೇಲೆ ಯೋಚಿಸುವಾ.