‘ಸ್ತ್ಯಚ್ಚಾತೊ’, ‘ಸ್ಕ್ಯಚ್ಚಾತೊ’: ಇವೆರಡೂ ಒಂದೇ ಪದವೇ?

ಪ್ರಶ್ನೆ (ದೃಶ್ಯಕಲಾ ವಿದ್ಯಾರ್ಥಿ, ದಾವಣಗೆರೆ):
ಹದಿನೈದನೆಯ ಶತಮಾನದ ಇಟಲಿಯ ಶಿಲ್ಪಿ ಡೊನಾಟೆಲ್ಲೊ ಕಡೆದ, ಕಾಗದದಷ್ಟೇ ತೆಳುವೆನಿಸುವ ಉಬ್ಬುಶಿಲ್ಪಗಳಿಗೆ ಒಂದು ಪುಸ್ತಕ ‘ರಿಲಿಯೆವೊ ಸ್ತ್ಯಚ್ಚಾತೊ’ ಎನ್ನುತ್ತದೆ, ಇನ್ನೊಂದು ‘ಸ್ಕ್ಯಚ್ಚಾತೊ’ ಎನ್ನುತ್ತದೆ. ಇವುಗಳಲ್ಲಿ ಒಂದು ಅಚ್ಚಿನ ತಪ್ಪೇ? ಫ್ಲಾರೆನ್ಸಿನ ಕಡೆ ‘ಸ್ಕ್ಯಚ್ಚಾತ’ ಎಂಬ ರೊಟ್ಟಿಯೂ ಇದೆ. ಅದಕ್ಕೂ ಇದಕ್ಕೂ ನಂಟಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಭಾಷಾ ಅಧ್ಯಾಪಕಿ, ದಾವಣಗೆರೆ):
ಅಚ್ಚಿನ ತಪ್ಪಲ್ಲ, ಎರಡೂ ಒಂದೇ ಪದ. ‘ಸ್ಕ್ಯಚ್ಚಾರೆ’ ಎಂಬ ಇಟಾಲಿಯನ್ ಧಾತುವಿಗೆ ಜಜ್ಜು, ಅದುಮಿ ಚಪ್ಪಟೆ ಮಾಡು ಎಂಬ ಅರ್ಥವಿದ್ದು, ‘ಸ್ಕ್ಯಚ್ಚಾತೊ’ ಅದರ ಭೂತಕೃದಂತ, ಅಂದರೆ ‘ಚಪ್ಪಟೆ ಮಾಡಿದ’ ಎಂಬ ರೂಪ. ಕೊನೆಯ ‘ಆತೊ’ ಲ್ಯಾಟಿನ್ನಿನ ‘ಆತುಸ್’ನಿಂದ ಬಂದದ್ದು, ಸಂಸ್ಕೃತದಿಂದ ನಮಗೆ ಬಂದಿರುವ ‘ಲಿಖಿತ’, ‘ರಚಿತ’ಗಳ ‘ತ’ ಪ್ರತ್ಯಯಕ್ಕೆ ಅದು ದೂರದ ದಾಯಾದಿ. ರೊಟ್ಟಿಯ ಹೆಸರು ಇದೇ ಕೃದಂತದ ಸ್ತ್ರೀಲಿಂಗ ರೂಪ, ಹಿಟ್ಟನ್ನು ಬೆರಳಿನಿಂದ ಅದುಮುವುದರಿಂದ ಬಂದದ್ದು. ಇನ್ನು ‘ಸ್ತ್ಯ’ ಎಂಬುದು ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಹಳೆಯ ಉಚ್ಚಾರ. ಗುಲಾಮನನ್ನು ಹೇಳುವ ‘ಸ್ಕ್ಯಾವೊ’ ಕೂಡ ಅಲ್ಲಿ ‘ಸ್ತ್ಯಾವೊ’ ಆಗುತ್ತಿತ್ತು. ಟಸ್ಕನಿಯ ಅರೆತ್ಸೊದವನಾದ ವಸಾರಿ 1550ರಲ್ಲಿ ಹೊರತಂದ ಕಲಾವಿದರ ಚರಿತ್ರೆಯ ಪೀಠಿಕೆಯಲ್ಲಿ ಇಂಥ ಉಬ್ಬುಗಳ ಬಗ್ಗೆ ಬರೆಯುವಾಗ ತನ್ನ ನುಡಿಯ ರೂಪವನ್ನೇ ಬಳಸಿದ. ಕಲಾ ಇತಿಹಾಸದಲ್ಲಿ ಅದು ಇಂದಿಗೂ ಉಳಿದಿದೆ. ‘ರಿಲಿಯೆವೊ’ ಬಂದಿರುವುದು ‘ಮೇಲೆತ್ತು’ ಎಂಬ ಧಾತುವಿನಿಂದ, ಆದ್ದರಿಂದ ಇಡೀ ಪದಪುಂಜಕ್ಕೆ ‘ಚಪ್ಪಟೆಯಾದ ಉಬ್ಬು’ ಎಂದೇ ಅರ್ಥ.

ಉತ್ತರ (ಶಿಲ್ಪಾಸಕ್ತರು, ಚಿತ್ರದುರ್ಗ):
ಮೇಡಂ ವಿವರಣೆ ಸರಿಯಾಗಿದೆ. ಆದರೆ ಧಾತ್ವರ್ಥವನ್ನು ನೆಚ್ಚಿ ಕಲ್ಲನ್ನು ಅದುಮುತ್ತಾರೆಂದು ವಿದ್ಯಾರ್ಥಿಗಳು ಭಾವಿಸಬಾರದು. ಇಲ್ಲಿ ಚಪ್ಪಟೆಯಾಗುವುದು ಆಕೃತಿಯ ಆಳ, ಕೆಲಸವೆಲ್ಲ ಆಗುವುದು ಉಳಿಯಿಂದಲೇ. ಸುಮಾರು 1417ರಲ್ಲಿ ಡೊನಾಟೆಲ್ಲೊ ಫ್ಲಾರೆನ್ಸಿನ ಓರ್ಸಾನ್‌ಮಿಕೇಲೆ ಚರ್ಚಿನ ಸಂತ ಜಾರ್ಜನ ಮೂರ್ತಿಯ ಕೆಳಗೆ ಕಡೆದ ಅಮೃತಶಿಲೆಯ ಫಲಕ ಈಗ ಅದೇ ಊರಿನ ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಕುದುರೆಯೂ ಸವಾರನೂ ತಕ್ಕಮಟ್ಟಿಗೆ ಎದ್ದು ನಿಂತರೆ, ಹಿಂದಿನ ಮರಗಳೂ ಕಮಾನುಸಾಲೂ ಬರಬರುತ್ತ ಕಲ್ಲಿನ ಮೇಲಿನ ಗೀರುಗಳಷ್ಟೇ ಆಗಿಬಿಡುತ್ತವೆ, ಆದರೂ ನೋಡುವವರಿಗೆ ದೂರ ಕಾಣುತ್ತದೆ. ನುಣುಪು ಕಣದ ಅಮೃತಶಿಲೆ ಇಂಥ ಗೀರನ್ನು ತಾಳುತ್ತದೆ. ನಮ್ಮ ದುರ್ಗದ ಕೋಟೆಯ ದಪ್ಪ ಕಣದ ಗ್ರಾನೈಟಿನಲ್ಲಿ ಅಷ್ಟು ಸೂಕ್ಷ್ಮವಾದ ಗೀರು ನಿಲ್ಲುವುದು ಕಷ್ಟ. ಅಲ್ಲಿನ ಸರ್ಪದ ಕೆತ್ತನೆಗಳಲ್ಲಿ ಹೆಡೆಯ ಅಂಚನ್ನು ಸ್ಪಷ್ಟವಾಗಿ ಬಿಡಿಸಿ, ನೆರಳು ಬೀಳುವಷ್ಟು ಎತ್ತಿರುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪ್ರಬಂಧದಲ್ಲಿ ಯಾವ ರೂಪ ಬಳಸಲಿ?

ಉತ್ತರ (ಭಾಷಾ ಅಧ್ಯಾಪಕಿ, ದಾವಣಗೆರೆ):
‘ಸ್ತ್ಯಚ್ಚಾತೊ’ ಎಂದೇ ಬರೆಯಿರಿ. ಮೊದಲ ಸಲ ಬಂದಲ್ಲಿ ಇನ್ನೊಂದು ರೂಪವನ್ನೂ ಸೂಚಿಸಿ.