ಮಂಜು ಕಳ್ಸಿದ ರಿವಾಲ್ವರ್ ಫೋಟೋ (ಹಳೇಮನೆ ಬಳಗ ಗ್ರೂಪು)

ಮಂಜು: [ಫೋಟೋ] [ಫೋಟೋ]
ಇಲ್ಲಿ ಬರ್ಮಿಂಗ್‌ಹ್ಯಾಮ್ ಹತ್ರ ಒಂದು ಹರಾಜಿಗೆ ಬಂದಿದೆ, ಕ್ಯಾಟಲಾಗಲ್ಲಿ ನೋಡ್ದೆ. ವೆಬ್ಲಿ-ಫಾಸ್ಬರಿ ಆಟೋಮ್ಯಾಟಿಕ್ ರಿವಾಲ್ವರ್, .455 ಬೋರು (ನಳಿಗೆ ಒಳಗಿನ ಅಳತೆ), ಮರದ ಪೆಟ್ಟಿಗೆ ಸಮೇತ. ವೆಬ್ಲಿ ಕಂಪನಿ ಇದೇ ಊರಿಂದು. ದೊಡ್ಡಪ್ಪಂಗೆ ಖುಷಿ ಆಗುತ್ತೆ ಅಂತ ಹಾಕ್ದೆ

ವಸಂತ ಚಿಕ್ಕಪ್ಪ: ಯಾರೋ ಬೆಲೆ ಏರಿಸೋಕೆ ಹೆಸರು ಕಟ್ಟಿದಾರೆ ಮಂಜು. ರಿವಾಲ್ವರ್ ಅಂದ್ರೆ ರಿವಾಲ್ವರ್, ಆಟೋಮ್ಯಾಟಿಕ್ ಅಂದ್ರೆ ಪಿಸ್ತೂಲು. ಎರಡೂ ಒಂದರಲ್ಲೇ ಹೆಂಗಾಗುತ್ತೆ

ಕಿರಣ: ಚಿಕ್ಕಪ್ಪ ಹೆಸರು ಸರಿಯಾಗೇ ಇದೆ, ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ. ತೋಟಾ ತುಂಬೋ ಸಿಲಿಂಡರ್ ಮೈಮೇಲೆ ಹಾವು ಹರಿದಂಗೆ ಅಂಕುಡೊಂಕಾಗಿ ಕಾಲುವೆ ಕೊರೆದಿದಾರಲ್ಲ, ಅದೇ ಇದರ ಜೀವ. ಮಾಮೂಲಿ ರಿವಾಲ್ವರಲ್ಲಿ ಹ್ಯಾಮರ್ (ತೋಟಾಗೆ ಬಡಿಯೋ ಸುತ್ತಿಗೆ) ಎತ್ತೋದು ಸಿಲಿಂಡರ್ ತಿರುಗಿಸೋದು ಎಲ್ಲಾ ನಮ್ಮ ಬೆರಳಿನ ಬಲ. ಇದರಲ್ಲಿ ಈಡು ಹಾರಿದ ಕೂಡ್ಲೆ ಆ ಒದೆತಕ್ಕೆ ನಳಿಗೆ ಸಿಲಿಂಡರ್ ಎರಡೂ ಒಟ್ಟಿಗೆ ಹಿಡಿ ಮೇಲಿನ ಫ್ರೇಮಲ್ಲಿ ಹಿಂದಕ್ಕೆ ಜಾರುತ್ತೆ, ಜಾರುವಾಗ ಹ್ಯಾಮರ್ ಎದ್ದು ಕೂರುತ್ತೆ, ಕೆಳಗಿರೋ ಒಂದು ಸಣ್ಣ ಗೂಟ ಆ ಕಾಲುವೆ ಒಳಗೆ ಓಡಿ ಸಿಲಿಂಡರನ್ನ ಅರ್ಧ ಹೆಜ್ಜೆ ತಿರುಗಿಸುತ್ತೆ, ಸ್ಪ್ರಿಂಗು ವಾಪಸ್ ಮುಂದಕ್ಕೆ ತಳ್ಳುವಾಗ ಇನ್ನರ್ಧ ಹೆಜ್ಜೆ. ಆರು ಗುಂಡಿನದಲ್ಲಿ ಹೋಗ್ತಾ 30 ಡಿಗ್ರಿ, ಬರ್ತಾ 30 ಡಿಗ್ರಿ. ಟಿಕ್ ಟಿಕ್ ಅಂತ ಒತ್ತೋ ಬಾಲ್‌ಪೆನ್ ಬಿಚ್ಚಿ ನೋಡಿ, ಒಳಗೆ ಹಲ್ಲಿರೋ ಪ್ಲಾಸ್ಟಿಕ್ ತುಂಡು ಒತ್ತಿದಾಗ ಸ್ವಲ್ಪ ಬಿಟ್ಟಾಗ ಸ್ವಲ್ಪ ತಿರುಗುತ್ತಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. 1895ರ ಪೇಟೆಂಟು ಇದು! ನಂಗೆ ಇದಕ್ಕಿಂತ ಚೆಂದದ ಮೆಕ್ಯಾನಿಸಂ ಇನ್ನೊಂದು ಕಂಡಿಲ್ಲ

ವಸಂತ ಚಿಕ್ಕಪ್ಪ: ಓ ಹಂಗೋ. ಈಗ ಅರ್ಥ ಆಯ್ತು, ಹೆಸರಿನ ವಿಷಯ ವಾಪಸ್ ತಗೊಂಡೆ

ದೊಡ್ಡಪ್ಪ: ಚೆಂದ ಇದೆ ಕಿರಣ, ಒಪ್ದೆ. ಆದ್ರೆ ಚೆಂದ ಬೇರೆ, ಆಯುಧ ಬೇರೆ. ಆ ಕಾಲುವೆ ಮೈಮೇಲೆ ಬಿಟ್ಟಗಣ್ಣು ಬಿಟ್ಟಂಗೆ ತೆರ್ಕೊಂಡಿದೆ ನೋಡು, ಜಾರೋ ಹಳಿನೂ ಅಷ್ಟೆ. 1914ರ ಯುದ್ಧಕ್ಕೆ ಕೆಲವು ಆಫೀಸರ್‌ಗಳು ಸ್ವಂತ ದುಡ್ಡಲ್ಲಿ ತಗೊಂಡು ಹೋದ್ರು, ಫ್ರಾನ್ಸಿನ ಕಂದಕದ ಕೆಸರು ಅದರೊಳಗೆ ಹೊಕ್ಕಿದ್ಮೇಲೆ ಮುಗೀತು. ಬ್ರಿಟಿಷ್ ಸೈನ್ಯ ಅದನ್ನ ಅಧಿಕೃತವಾಗಿ ತಗೊಳ್ಳೇ ಇಲ್ಲ, 1915ರಲ್ಲಿ ಅದೇ ಕಂಪನಿಯ ಸಾದಾ ರಿವಾಲ್ವರ್ ಮಾರ್ಕ್ 6 ತಗೊಂಡ್ರು. ನಾನು ಬಂದೂಕು ರಿಪೇರಿ ಮಾಡೋ ಆರ್ಮರರ್ ಕೆಲಸ ಮಾಡಿದೋನು, ಎಸ್‌ಎಲ್‌ಆರ್ ರೈಫಲ್ ಬಿಚ್ಚಿ ಜೋಡಿಸಿ ಜೋಡಿಸಿ ಉಗುರಿನ ಸಂದಿ ಮಸಿ ರಿಟೈರ್ ಆದ್ಮೇಲೂ ವರ್ಷ ಹೋಗ್ಲಿಲ್ಲ. ನಮಗೆ ಹೇಳಿಕೊಟ್ಟಿದ್ದು ಒಂದೇ, ಯಾವನೋ ಮೂರು ದಿನ ನಿದ್ದೆ ಇಲ್ಲದ ಹುಡುಗ ಮಳೆಯಲ್ಲಿ ಟ್ರಿಗರ್ ಎಳೀತಾನೆ, ಅವಾಗ ಅದು ಕೆಲಸ ಮಾಡ್ಬೇಕು

ಕಿರಣ: ದೊಡ್ಡಪ್ಪ ಕೆಸರಲ್ಲಿ ಆ ಕಾಲದ ಎಷ್ಟೋ ಬಂದೂಕು ಕೈಕೊಟ್ಟಿದ್ವು. ಮತ್ತೆ ಇದನ್ನ ಮಾಡಿದ ಮನುಷ್ಯ ಮೇಜಿನ ಮುಂದೆ ಕೂತು ಗೀಚಿದೋನಲ್ಲ. ಜಾರ್ಜ್ ವಿನ್ಸೆಂಟ್ ಫಾಸ್ಬರಿ, ಬಂಗಾಳ ಸೈನ್ಯದಲ್ಲಿದ್ದೋನು. 1863ರ ಅಕ್ಟೋಬರ್ 30ಕ್ಕೆ ವಾಯವ್ಯ ಗಡಿಯ ಅಂಬೇಲಾ ಯುದ್ಧದಲ್ಲಿ ಕ್ರ್ಯಾಗ್ ಪಿಕೆಟ್ ಅನ್ನೋ ಬಂಡೆ ನೆತ್ತಿನ ವಾಪಸ್ ಗೆದ್ದಿದ್ದಕ್ಕೆ ವಿಕ್ಟೋರಿಯಾ ಕ್ರಾಸ್ ಸಿಕ್ತು, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ. ಒಂದು ಸಲಕ್ಕೆ ಒಬ್ರೋ ಇಬ್ರೋ ಮಾತ್ರ ಹತ್ತೋಕಾಗೋ ದಾರಿ, ಮೇಲೆ ಕೈಕೈ ಮಿಲಾಯಿಸಿ ಹೊಡೆದಾಟ. ಅಂಥದ್ದನ್ನ ಕಂಡೋನು 30 ವರ್ಷ ಆದ್ಮೇಲೆ ಏನು ಯೋಚ್ನೆ ಮಾಡಿದ ನೋಡಿ, ಒಂದೊಂದು ಗುಂಡಿಗೂ ಗಟ್ಟಿ ಟ್ರಿಗರ್ ಎಳೆದು ಕೈ ಅಲುಗಾಡೋದು ಬೇಡ, ಒದೆಯೋ ಶಕ್ತಿನೇ ಆ ಕೆಲಸ ಮಾಡ್ಲಿ, ಬೆರಳಿಗೆ ಹಗುರ ಆಗ್ಲಿ ಅಂತ. 1901ರಿಂದ ವೆಬ್ಲಿಯವರು ಮಾಡಿ ಮಾರಿದ್ರು. ವಾಲ್ಟರ್ ವಿನಾನ್ಸ್ ಅನ್ನೋ ಗುರಿಕಾರ ಇದರಲ್ಲಿ 7 ಸೆಕೆಂಡಿಗೆ ಆರು ಗುಂಡು ಒಂದೇ ಗುರಿಗೆ ಹೊಡೆದಿದ್ದ. ಆತ 1908ರ ಒಲಿಂಪಿಕ್ಸಲ್ಲಿ ಓಡೋ ಜಿಂಕೆ ಗುರಿಗೆ ಚಿನ್ನ ಗೆದ್ದೋನು, 1912ರಲ್ಲಿ ಶಿಲ್ಪಕಲೆಗೂ ಚಿನ್ನ, ಆವಾಗ ಅದೂ ಇತ್ತು

ದೊಡ್ಡಪ್ಪ: ಗುರಿ ಮೈದಾನದಲ್ಲಿ ಸರಿ. ನಾನು ಬೇಡ ಅಂದ್ನಾ. ಮತ್ತೆ ಇನ್ನೊಂದು, ಕೈ ಸಡಿಲ ಹಿಡಿದ್ರೆ ಅದು ಪೂರ್ತಿ ಹಿಂದಕ್ಕೆ ಹೋಗಲ್ಲ, ಮುಂದಿನ ಈಡಿಗೆ ರೆಡಿ ಆಗಲ್ಲ. ಗಾಯ ಆದೋನು ಗಟ್ಟಿ ಎಲ್ಲಿ ಹಿಡೀತಾನೆ

ಸುಮಾ ಅತ್ತೆ: ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಈ ಗ್ರೂಪಲ್ಲಿ ಮಕ್ಕಳಿದಾವೆ ಮಂಜು. 7 ಸೆಕೆಂಡು ಆರು ಗುಂಡು ಅಂತೆಲ್ಲ ಕ್ರಿಕೆಟ್ ಸ್ಕೋರ್ ಹೇಳ್ದಂಗೆ ಹೇಳ್ತಿದೀರಿ, ಅದು ಯಾರ ಎದೆಗೆ ಅಂತ ಒಬ್ರೂ ಬರೀಲಿಲ್ಲ

ಕಿರಣ: ಅತ್ತೆ ನಾವು ಮೆಕ್ಯಾನಿಸಂ ಬಗ್ಗೆ ಮಾತಾಡ್ತಿರೋದು

ಸುಮಾ ಅತ್ತೆ: ಗೊತ್ತು ಕಣೋ. ಜಗಲಿಯ ಎರಡನೇ ಕಂಬದಲ್ಲಿ ತೂತು ಇದಾವಲ್ಲ, ನೀವೆಲ್ಲ ಚಿಕ್ಕವರಿದ್ದಾಗ ಬೆರಳು ಹಾಕಿ ಎಣಿಸ್ತಿದ್ರಿ, ಗೆದ್ದಲು ತಿಂದಿದ್ದು ಅಂತ ಅಮ್ಮ ಹೇಳ್ತಿದ್ರು. ಗೆದ್ದಲಲ್ಲ, ಕೋವಿಯ ಚರೆ. ಅಪ್ಪಯ್ಯ ಕೋವಿ ಒರೆಸೋಕೆ ಕೂತಿದ್ರು, ಬಲಗಡೆ ನಳಿಗೆಯ ತೋಟಾ ತೆಗೆದಿದ್ರು, ಎಡಗಡೆದು ಮರೆತಿದ್ರು. ನಾನು ಆ ಕಂಬಕ್ಕೆ ಒರಗಿ ಹೂವು ಕಟ್ತಾ ಇದ್ದೆ, ದಾರ ಬಿತ್ತು ಅಂತ ಬಗ್ದೆ. ಅಷ್ಟೇ. ನಂಗೆ 9 ವರ್ಷ. ಎಡಗಿವಿ ಇವತ್ತಿಗೂ ಮಂದ, ಫೋನು ಬಲಗಿವಿಗೇ ಯಾಕೆ ಹಿಡಿತೀನಿ ಅಂತ ಯಾರೂ ಕೇಳಿಲ್ಲ. ಅಪ್ಪಯ್ಯ ಆಮೇಲೆ ಎರಡು ವರ್ಷ ಆ ಕೋವಿ ಮುಟ್ಟಲಿಲ್ಲ

ವಸಂತ ಚಿಕ್ಕಪ್ಪ: ಅಕ್ಕ ಇದು ನಂಗೂ ಗೊತ್ತಿರಲಿಲ್ಲ

ಮಂಜು: ಅತ್ತೆ ತಪ್ಪಾಯ್ತು. ಇಲ್ಲೂ ಜನಕ್ಕೆ ಆ ನೋವಿದೆ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಒಬ್ಬ ಕೈಬಂದೂಕಿಂದ 16 ಮಕ್ಕಳನ್ನ, ಒಬ್ರು ಟೀಚರನ್ನ ಕೊಂದ. ಮಾರನೇ ವರ್ಷ ಕಾನೂನು ತಂದು ಸಾಮಾನ್ಯ ಜನರ ಕೈಯಿಂದ ಕೈಬಂದೂಕುಗಳನ್ನ ವಾಪಸ್ ತಗೊಂಡ್ರು. ಇಂಥ ಚಾರಿತ್ರಿಕ ಬಂದೂಕಿಗೆ ಮಾತ್ರ ಸ್ವಲ್ಪ ದಾರಿ ಬಿಟ್ಟಿದಾರೆ, ಅದಕ್ಕೂ ಪೊಲೀಸರ ಪರವಾನಗಿ ಬೇಕು. ನಾನು ಕೊಳ್ಳೋಕೆ ಹಾಕಿದ್ದಲ್ಲ

ಸುಮಾ ಅತ್ತೆ: ತಪ್ಪು ಅಂತ ಅಲ್ಲಪ್ಪ. ಹೇಳೋದಾದ್ರೆ ಪೂರ್ತಿ ಹೇಳಿ ಅಂದೆ

ಕಿರಣ: ಹಂಗಾದ್ರೆ ಇನ್ನೊಂದೂ ಹೇಳ್ತೀನಿ ಅತ್ತೆ, ಮೊದ್ಲು ಬಿಟ್ಟಿದ್ದೆ. ಇದೇ ಫಾಸ್ಬರಿ ಅಂಬೇಲಾಕ್ಕೆ ಹೋಗಿದ್ದು ತಾನೇ ಮಾಡಿದ ಸಿಡಿಯೋ ಗುಂಡು ಪರೀಕ್ಷೆ ಮಾಡೋಕೆ, ಮೈಯೊಳಗೆ ಹೊಕ್ಕು ಒಡೆಯೋ ಗುಂಡು. ಅದಾಗಿ 5 ವರ್ಷಕ್ಕೆ, 1868ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಲ್ಲಿ ಹಲವು ದೇಶಗಳು ಸೇರಿ 400 ಗ್ರಾಮಿಗಿಂತ ಕಡಿಮೆ ತೂಕದ ಸಿಡಿಗುಂಡು ಯುದ್ಧದಲ್ಲಿ ಬಳಸಲ್ಲ ಅಂತ ಸಹಿ ಹಾಕಿದ್ವು. ಮನುಷ್ಯನ ಮೇಲೆ ಅಷ್ಟು ಕ್ರೌರ್ಯ ಬೇಕಿಲ್ಲ ಅಂತ

ಸುಮಾ ಅತ್ತೆ: ನೋಡು, ಇದನ್ನ ಮೊದ್ಲೇ ಬರೀಬೇಕಿತ್ತು. ಅದೇ ತಲೆ, ಅದೇ ಕೈ. ಬಾಲ್‌ಪೆನ್ನಿನ ಬುದ್ಧಿನೂ ಅದರಲ್ಲೇ ಇತ್ತು, ಇದೂ ಅದರಲ್ಲೇ ಇತ್ತು

ವಸಂತ ಚಿಕ್ಕಪ್ಪ: ಮಂಜು ತರೋ ಯೋಚ್ನೆ ಇದ್ರೂ ಬಿಡು. .455 ಇಲ್ಲಿ ನಿಷೇಧಿತ ಬೋರು, ಸಾಮಾನ್ಯನಿಗೆ ಲೈಸೆನ್ಸ್ ಸಿಗಲ್ಲ. ವಿದೇಶಿ ಬಂದೂಕು ಖಾಸಗಿಯಾಗಿ ತರೋದನ್ನ 80ರ ದಶಕದಲ್ಲೇ ನಿಲ್ಲಿಸಿದಾರೆ, ಅದಕ್ಕೇ ಇಲ್ಲಿ ಹಳೇ ಇಂಗ್ಲಿಷ್ ಕೋವಿಗಳಿಗೆ ಬೆಲೆ. 1959ರ ಆರ್ಮ್ಸ್ ಆಕ್ಟಲ್ಲಿ ಪುರಾತನ ಆಯುಧಕ್ಕೆ ವಿನಾಯಿತಿ ಅಂತ ಹೇಳ್ತಾರೆ, ಅದು ರಿಪೇರಿ ಮಾಡಿದ್ರೂ ಹಾರದೇ ಇರೋದಕ್ಕೆ ಮಾತ್ರ. 2019ರಲ್ಲಿ ಒಬ್ಬರಿಗೆ ಮೂರು ಇದ್ದಿದ್ದನ್ನ ಎರಡಕ್ಕೆ ಇಳಿಸಿದ್ರು ಬೇರೆ

ವಸಂತ ಚಿಕ್ಕಪ್ಪ: ಕಿರಣ ಒಂದು ಕೇಳ್ಬೇಕಿತ್ತು. ಫಾಸ್ಬರಿ ಹೆಸರು ಪ್ಯಾರಡಾಕ್ಸ್ ಕೋವಿಗೂ ಇದೆಯಲ್ಲ, ಅದೇ ಮನುಷ್ಯನಾ?

ಕಿರಣ: ಅದೇ ಚಿಕ್ಕಪ್ಪ! 1885ರ ಪೇಟೆಂಟು, ಹಾಲೆಂಡ್ ಅಂಡ್ ಹಾಲೆಂಡ್ ತಗೊಂಡ್ರು. ಜೋಡಿ ನಳಿಗೆ ಕೋವಿ, ಒಳಗೆಲ್ಲ ನುಣುಪು, ಬಾಯಿ ಹತ್ರ ಕೊನೇ ಒಂದೆರಡು ಇಂಚು ಮಾತ್ರ ತಿರುಚಿದ ಗೆರೆ. ಹಕ್ಕಿಗೆ ಚರೆನೂ ಹೊಡೀಬಹುದು, ದೊಡ್ಡ ಪ್ರಾಣಿಗೆ ಗುಂಡೂ ಹೊಡೀಬಹುದು. ಇಂಡಿಯಾದ ಶಿಕಾರಿ ಸಾಹೇಬರಿಗೆ ಬಲು ಇಷ್ಟ ಆಗಿದ್ದ ಕೋವಿ

ವಸಂತ ಚಿಕ್ಕಪ್ಪ: ಹಂಗಾದ್ರೆ ನಮ್ಮನೇದು? ಅಪ್ಪಯ್ಯ ಯಾವಾಗ್ಲೂ ಇದು ಚರೆಗೂ ಸೈ ಗುಂಡಿಗೂ ಸೈ ಅಂತಿದ್ರು, ತೋಟದ ದೊರೆ ಹೋಗುವಾಗ ಕೊಟ್ಟಿದ್ದು ಅಂತಾನೂ ಅಂತಿದ್ರು. ಅಣ್ಣ ಒಂದ್ಸಲ ನೋಡು ಅತ್ಲಾಗೆ

ದೊಡ್ಡಪ್ಪ: ನುಣುಪು ನಳಿಗೆಯಲ್ಲೂ ಗುಂಡಿನ ತೋಟಾ ಹಾರುತ್ತೆ ವಸಂತ, ಅದರಿಂದ ಪ್ಯಾರಡಾಕ್ಸ್ ಆಗಲ್ಲ. ಇರು ಅಟ್ಟದ ಪೆಟ್ಟಿಗೆ ಬೀಗ ತೆಗೆದು ನೋಡ್ತೀನಿ

ಕಿರಣ: ಬಾಯಿ ಕಡೆಯಿಂದ ಟಾರ್ಚ್ ಬಿಡಿ ದೊಡ್ಡಪ್ಪ, ಗೆರೆ ಇದ್ರೆ ಬೆಳಕು ಸುರುಳಿ ಸುತ್ಕೊಂಡಂಗೆ ಕಾಣುತ್ತೆ

ಮಂಜು: ಗೆರೆ ಇದ್ರೆ ನಂಬರ್ ಕಳ್ಸಿ, ಇಲ್ಲಿ ವಿಚಾರಿಸ್ತೀನಿ

ದೊಡ್ಡಪ್ಪ: [ಫೋಟೋ] [ಫೋಟೋ]
ಇಲ್ಲ. ಎರಡೂ ನುಣುಪು. ಸಾದಾ 12 ಬೋರು, ಅಪ್ಪಯ್ಯನ ಮಾತು ಬರೀ ಮಾತೇ. ಆದ್ರೆ ಎಡಗಡೆ ನಳಿಗೆ ನೋಡಿ ಹೊಟ್ಟೆ ಉರೀತಿದೆ. ಬಾಯಿಂದ ಒಂದು ಗೇಣು ಒಳಗೆ ತುಕ್ಕು ತಿಂದು ಸಿಡುಬಿನ ಕಲೆ ಥರ ಗುಳಿ ಬಿದ್ದಿದೆ. ಹೋದ ಎಲೆಕ್ಷನ್‌ಗೆ ಠಾಣೆಗೆ ಒಪ್ಪಿಸಿದಾಗ ಕನ್ನಡಿ ಹಂಗಿತ್ತು, ನಾನೇ ಎಣ್ಣೆ ಬಟ್ಟೆ ಹಾಕಿ ಕೊಟ್ಟಿದ್ದೆ. ಗೋಣಿ ಹೊದಿಸಿ ಒದ್ದೆ ಗೋಡೆಗೆ ಒರಗಿಸಿಟ್ಟಿದ್ರು, ಅದೂ ಎಷ್ಟು ಕೋವಿ ಅಂತೀಯ, ಕಟ್ಟಿಗೆ ರಾಶಿ ಥರ. ವಾಪಸ್ ಬರೋದ್ರೊಳಗೆ ಹಂದಿ ಗದ್ದೆನೂ ಮುಗಿಸಿತ್ತು. ಕೆಸರಿನ ವಿಷಯಕ್ಕೆ ನಾನು ಯಾಕೆ ಇಷ್ಟು ಹಟ ಹಿಡಿದೆ ಅಂದ್ರೆ ಇದೇ ಕಿರಣ. ಕಬ್ಬಿಣಕ್ಕೆ ಚೆಂದ ಗೊತ್ತಿಲ್ಲ, ನೀರು ಗೊತ್ತು ಅಷ್ಟೆ

ಕಿರಣ: ಉಜ್ಜಿದ್ರೆ ಹೋಗುತ್ತಾ

ದೊಡ್ಡಪ್ಪ: ತುಕ್ಕು ಹೋಗುತ್ತೆ, ಗುಳಿ ಹೋಗಲ್ಲ. ಇದರಲ್ಲಿ ಇನ್ಮೇಲೆ ಎಡಗಡೆ ಈಡು ಹಾರಿಸಲ್ಲ. ಮತ್ತೆ ನಿನ್ನ ಫಾಸ್ಬರಿ ಬಗ್ಗೆ, ಯುದ್ಧಕ್ಕೆ ಅಲ್ಲ ಅಂದೆ, ಹಾಳು ಅನ್ನಲಿಲ್ಲ. ಐದು ಸಾವಿರವೂ ಮಾಡ್ಲಿಲ್ಲ ಅಂತಾರೆ ಅದನ್ನ. ಮ್ಯೂಸಿಯಮ್ಮಿಗೆ ಹೋಗ್ಬೇಕು, ಯಾರಾದ್ರೂ ಒಂದು ಬಿಚ್ಚಿಟ್ಟು ಮಕ್ಕಳಿಗೆ ಆ ಕಾಲುವೆ ತೋರಿಸ್ಬೇಕು

ಮಂಜು: ಲೀಡ್ಸ್‌ನ ರಾಯಲ್ ಆರ್ಮರೀಸಲ್ಲಿ ಇದೆ ದೊಡ್ಡಪ್ಪ. ನೀವು ಬಂದ್ರೆ ನಾನೇ ಕರ್ಕೊಂಡು ಹೋಗ್ತೀನಿ

ಸುಮಾ ಅತ್ತೆ: ಅಣ್ಣ, ಅಟ್ಟದ ಮೇಲೆ ಇದೀಯಾ ಇನ್ನೂ?

ದೊಡ್ಡಪ್ಪ: ಹೂಂ, ಒರೆಸ್ತಾ ಇದೀನಿ

ಸುಮಾ ಅತ್ತೆ: ತೋಟಾ ನೋಡಿದ್ಯಾ

ದೊಡ್ಡಪ್ಪ: ಬೀಗ ತೆಗೆದ ಕೂಡ್ಲೆ ಮಡಿಚಿ ನೋಡ್ದೆ ಸುಮ. ಬಲಗಡೆ ಖಾಲಿ. ಎಡಗಡೆಗೆ ಬೆರಳು ಹಾಕಿ ನೋಡ್ದೆ, ಅದೂ ಖಾಲಿ. ನಿನ್ನ ಮೆಸೇಜ್ ಓದಿದ್ಮೇಲೆ ಇನ್ನೊಂದ್ಸಲ ನೋಡ್ದೆ