ಬ್ರೇಕಿಂಗ್ ಪಾಯಿಂಟ್ 2009: 'ಸೋತೆ' ಅಂತ ಹೇಳಿಸುವ ಶೋ ಮತ್ತೆ ಬರಬೇಕಾ?

ಶಾರ್ಪ್‌ಶೂಟರ್_ಫ್ಯಾನ್
ಹೋದ ವಾರ ಡಬ್ಲ್ಯುಡಬ್ಲ್ಯುಇಯ (ಸೋಲು ಗೆಲುವು ಮೊದಲೇ ಬರೆದಿಟ್ಟು ಆಡಿಸುವ ಅಮೆರಿಕದ ಕುಸ್ತಿ ಕಂಪನಿ) ಬ್ರೇಕಿಂಗ್ ಪಾಯಿಂಟ್ ಶೋ ಮತ್ತೆ ಪೂರ್ತಿ ನೋಡಿದೆ. 2009ರ ಸೆಪ್ಟೆಂಬರ್ 13, ಕೆನಡಾದ ಮಾಂಟ್ರಿಯಲ್, ಬೆಲ್ ಸೆಂಟರ್. ನೋಡದವರಿಗೆ ಹೇಳುತ್ತೇನೆ. ಆ ರಾತ್ರಿಯ ಮೂರು ದೊಡ್ಡ ಪಂದ್ಯಗಳಲ್ಲಿ ಪಿನ್ ಇರಲಿಲ್ಲ. ಭುಜ ನೆಲಕ್ಕೆ ಒತ್ತಿ ಒಂದು, ಎರಡು, ಮೂರು ಎಣಿಸಿದರೆ ಗೆಲುವಲ್ಲ. ಎದುರಾಳಿ ಸೋಲೊಪ್ಪಿ ನೆಲಕ್ಕೋ ಮೈಗೋ ಕೈ ತಟ್ಟಬೇಕು, ಇಲ್ಲವೇ ಬಾಯಿಬಿಟ್ಟು 'ಸೋತೆ' ಅನ್ನಬೇಕು.

ಈ ಶೋ ನಡೆದದ್ದು ಒಂದೇ ಒಂದು ಸಲ. ಮುಂದಿನ ಸೆಪ್ಟೆಂಬರ್‌ನಲ್ಲಿ ಆ ಜಾಗಕ್ಕೆ ನೈಟ್ ಆಫ್ ಚಾಂಪಿಯನ್ಸ್ ಬಂತು. ಇದನ್ನು ಮತ್ತೆ ತರಬೇಕು ಅಂತ ನನ್ನ ಅಭಿಪ್ರಾಯ. ಈಗ ಪ್ರತಿ ಪಂದ್ಯವೂ ಒಂದೇ ಥರ. ಫಿನಿಷರ್ (ಪಂದ್ಯ ಮುಗಿಸುವ ಪೆಟ್ಟು) ಹೊಡಿ, ಎರಡೂವರೆ ಎಣಿಕೆಗೆ ಎದ್ದೇಳು, ಮತ್ತೆ ಫಿನಿಷರ್. ಪಿನ್ ತೆಗೆದುಬಿಟ್ಟರೆ ಇಬ್ಬರೂ ನಿಜವಾಗಿ ಒಂದು ಕಥೆ ಹೇಳಲೇಬೇಕಾಗುತ್ತದೆ. ನಿಮಗೆ ಏನನ್ನಿಸುತ್ತದೆ?

ಟೆನ್‌ಸ್ಪೋರ್ಟ್ಸ್_ಹುಡುಗ
ಬೇಡ ಗುರು. ನಾನು ಆಗ ಟೆನ್ ಸ್ಪೋರ್ಟ್ಸ್‌ನಲ್ಲಿ ನೋಡಿದವನು. ಅಂಡರ್‌ಟೇಕರ್ ಮತ್ತು ಸಿಎಂ ಪಂಕ್ ಪಂದ್ಯದ ಕೊನೆ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಟೇಕರ್ ಹೆಲ್ಸ್ ಗೇಟ್ ಹಾಕಿದ. ಅಂಗಾತ ಮಲಗಿ, ಎದುರಾಳಿಯ ಗಂಟಲಿಗೆ ತನ್ನ ಮೊಣಕಾಲ ಕೆಳಗಿನ ಎಲುಬನ್ನು ಒತ್ತಿ, ತಲೆಯನ್ನು ಕೆಳಕ್ಕೆ ಎಳೆಯುವ ಪಟ್ಟು. ಪಂಕ್ ಕೈ ತಟ್ಟಿದ. ಮುಗೀತು, ಹೊಸ ಚಾಂಪಿಯನ್ ಅಂತ ಕೂಗಾಡಿದೆವು. ಅಷ್ಟರಲ್ಲಿ ಮ್ಯಾನೇಜರ್ ಪಾತ್ರದ ಟೆಡ್ಡಿ ಲಾಂಗ್ ಬಂದು, ಆ ಪಟ್ಟಿಗೆ ಹಿಂದಿನ ಮ್ಯಾನೇಜರ್ ವಿಕಿ ಗೆರೆರೊ ಹಾಕಿದ್ದ ನಿಷೇಧ ಇನ್ನೂ ಇದೆ, ಪಂದ್ಯ ಮತ್ತೆ ಶುರುವಾಗಲಿ ಅಂದ. ಪಂಕ್ ತನ್ನ ಅನಕೊಂಡ ವೈಸ್ ಪಟ್ಟು ಹಾಕಿದ ತಕ್ಷಣ ರೆಫ್ರಿ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಪಂಕ್ ಗೆದ್ದ ಅಂತ ಬೆಲ್ ಬಾರಿಸಲು ಹೇಳಿಬಿಟ್ಟ. ಟೇಕರ್ ಕೈ ತಟ್ಟಿರಲೇ ಇಲ್ಲ!

'ಸೋತೆ ಅಂತ ಅವನೇ ಹೇಳಬೇಕು' ಅಂತ ಇಡೀ ಶೋ ಕಟ್ಟಿ, ಅಷ್ಟು ದೊಡ್ಡ ಪಂದ್ಯವನ್ನು ಯಾರೂ ಸೋತೆ ಅನ್ನದೆ ಮುಗಿಸಿದರೆ ಅದೇನು ನ್ಯಾಯ?

ಟೊರೊಂಟೊ_ಕನ್ನಡಿಗ
ಅದು ಯಾಕೆ ಹಾಗೆ ಮಾಡಿದರು ಅಂತ ಗೊತ್ತಾಗಬೇಕಾದರೆ 1997ಕ್ಕೆ ಹೋಗಬೇಕು. ನವೆಂಬರ್ 9, ಇದೇ ಕಂಪನಿಯ ಸರ್ವೈವರ್ ಸೀರೀಸ್ ಶೋ. ಅದೇ ಊರು, ಅದೇ ಕಟ್ಟಡ. ಆಗ ಅದಕ್ಕೆ ಮೋಲ್ಸನ್ ಸೆಂಟರ್ ಅಂತ ಹೆಸರಿತ್ತು, ಅಷ್ಟೇ ವ್ಯತ್ಯಾಸ.

ಬ್ರೆಟ್ ಹಾರ್ಟ್ ಕೆನಡಾದವನು, ಕೈಯಲ್ಲಿ ಚಾಂಪಿಯನ್ ಬೆಲ್ಟ್ ಇತ್ತು, ಕಂಪನಿ ಬಿಟ್ಟು ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುಗೆ ಹೊರಟಿದ್ದ. ಶಾನ್ ಮೈಕಲ್ಸ್ ಅವನ ಮೇಲೆ ಅವನದೇ ಶಾರ್ಪ್‌ಶೂಟರ್ ಪಟ್ಟು ಹಾಕಿದ. ಬ್ರೆಟ್ ಕೈ ತಟ್ಟಲಿಲ್ಲ. ರಿಂಗ್ ಪಕ್ಕದಲ್ಲೇ ನಿಂತಿದ್ದ ಕಂಪನಿ ಮಾಲೀಕ ವಿನ್ಸ್ ಮೆಕ್‌ಮಹನ್ ಬೆಲ್ ಬಾರಿಸಲು ಹೇಳಿದ. ರೆಫ್ರಿ ಅರ್ಲ್ ಹೆಬ್ನರ್. ಅದು ಮೊದಲೇ ಬರೆದ ಕಥೆಯ ಮೋಸ ಅಲ್ಲ. ಬ್ರೆಟ್‌ಗೆ ನಿಜವಾಗಿ ಮಾಡಿದ ಮೋಸ.

ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಈಗಲೂ ಆ ವಿಷಯ ಬಂದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ಅವರ ಮನೆಯವನಿಗೇ ಮೋಸ ಆದ ಹಾಗೆ ಮಾತಾಡುತ್ತಾರೆ. 12 ವರ್ಷ ಬಿಟ್ಟು ಅದೇ ಕಟ್ಟಡದಲ್ಲಿ ಅದನ್ನೇ ಆಟವಾಗಿ ಆಡಿಸಿದರು. ಗಾಯ ಇನ್ನೂ ಹಸಿಯಾಗಿರುವ ಜಾಗವನ್ನೇ ಹುಡುಕಿ ಮುಟ್ಟಿದಂತೆ ಅನ್ನಿಸಿತು ನನಗೆ.

ಟೆನ್‌ಸ್ಪೋರ್ಟ್ಸ್_ಹುಡುಗ
ಅದೇ ಸರ್ ನಾನು ಹೇಳಿದ್ದು. ಮುಂದಿನ ತಿಂಗಳು, ಅಕ್ಟೋಬರ್ 4ರ ಹೆಲ್ ಇನ್ ಎ ಸೆಲ್ ಶೋನಲ್ಲಿ ಟೇಕರ್ ಬೆಲ್ಟ್ ಗೆದ್ದೇ ಗೆದ್ದ. ಹಾಗಿದ್ದರೆ ಈ ರಾತ್ರಿ ಏನಕ್ಕೆ?

ಶಾರ್ಪ್‌ಶೂಟರ್_ಫ್ಯಾನ್
ಆ ಒಂದು ಪಂದ್ಯದ ಬಗ್ಗೆ ನಾನು ವಾದ ಮಾಡಲ್ಲ, ಅದು ತಪ್ಪೇ. ಆದರೆ ಅದು ಬರೆದವರ ತಪ್ಪು, ಪಂದ್ಯದ ನಿಯಮದ ತಪ್ಪಲ್ಲ. ಡಿಎಕ್ಸ್ (ಶಾನ್ ಮೈಕಲ್ಸ್, ಟ್ರಿಪಲ್ ಎಚ್) ಮತ್ತು ಲೆಗಸಿ (ಕೋಡಿ ರೋಡ್ಸ್, ಟೆಡ್ ಡಿಬಿಯಾಸಿ) ಜೋಡಿಗಳ ಪಂದ್ಯ ನೆನಪಿದೆಯಾ? ಸಬ್‌ಮಿಷನ್ (ಪಟ್ಟು ಹಾಕಿ ಸೋಲೊಪ್ಪಿಸುವುದು) ಎಲ್ಲಿ ಬೇಕಾದರೂ ಎಣಿಕೆಗೆ ಬರುತ್ತದೆ ಅನ್ನುವ ಪಂದ್ಯ. ಹಗ್ಗ ಮುಟ್ಟಿ ತಪ್ಪಿಸಿಕೊಳ್ಳುವಂತಿಲ್ಲ. ನಾಲ್ಕೂ ಜನ ಕ್ರೌಡ್ ಒಳಗೆ ನುಗ್ಗಿ ಹೊಡೆದಾಡಿಕೊಂಡು ಹೋದರು.

ಕೊನೆಗೆ ಟ್ರಿಪಲ್ ಎಚ್ ಜೊತೆಗಿಲ್ಲದ ಹೊತ್ತು ನೋಡಿ ಇಬ್ಬರೂ ಸೇರಿ ಮೈಕಲ್ಸ್‌ನನ್ನು ಹಿಡಿದರು. ಕೋಡಿ ರೋಡ್ಸ್ ರಿಂಗಿನ ಕಂಬಕ್ಕೆ ಸುತ್ತಿ ಫಿಗರ್ ಫೋರ್ ಹಾಕಿದ. ಟೆಡ್ ಡಿಬಿಯಾಸಿ ಕುತ್ತಿಗೆಗೆ ಮಿಲಿಯನ್ ಡಾಲರ್ ಡ್ರೀಮ್ ಹಾಕಿದ. ಆ ಪಟ್ಟು ಅವನ ಅಪ್ಪನದು! ಅಪ್ಪ ಮಿಲಿಯನ್ ಡಾಲರ್ ಮ್ಯಾನ್ ಅಂತ ಹೆಸರು ಮಾಡಿದ ಕುಸ್ತಿಪಟು. ಮಗ ಅದೇ ಪಟ್ಟಿನಿಂದ ಶಾನ್ ಮೈಕಲ್ಸ್‌ನಂಥವನ ಕೈ ತಟ್ಟಿಸಿದ. ಅದಕ್ಕೂ ಮೂರು ವಾರ ಮೊದಲು ಸಮ್ಮರ್‌ಸ್ಲ್ಯಾಮ್‌ನಲ್ಲಿ ಡಿಎಕ್ಸ್ ಇವರನ್ನು ಸೋಲಿಸಿತ್ತು. ಪಿನ್ ಮಾಡಿ ಗೆದ್ದಿದ್ದರೆ 'ಏನೋ ಅದೃಷ್ಟ' ಅನ್ನಬಹುದಿತ್ತು. ಕೈ ತಟ್ಟಿದ ಮೇಲೆ ಹಾಗೆ ಅನ್ನುವಂತಿಲ್ಲ.

ಬೆಳಗಾವಿ_ಪೈಲ್ವಾನ್
ನಡುವೆ ಒಂದು ಮಾತು. ನಮ್ಮ ಕಡೆ ನಿಕಾಲಿ ಕುಸ್ತಿ ನೋಡಿ ಬೆಳೆದವನು ನಾನು. ಪಾಯಿಂಟ್ ಗೀಯಿಂಟ್ ಇಲ್ಲ, ಒಬ್ಬ ಚಿತ್ ಆಗೋ ತನಕ ಕುಸ್ತಿ. ಅಲ್ಲಿ ಸೋತವನು ಏನೂ ಹೇಳಬೇಕಾಗಿಲ್ಲ. ಬೆನ್ನಿಗೆ ಹತ್ತಿದ ಮಣ್ಣೇ ಹೇಳುತ್ತದೆ. ಗೆದ್ದವನೂ ಅವನನ್ನು ಎಬ್ಬಿಸಿ ತಬ್ಬಿಕೊಳ್ಳುತ್ತಾನೆ. ಅವನ ಬಾಯಿಂದ 'ಸೋತೆ' ಅಂತ ಹೇಳಿಸುವುದು ನಮಗೆ ಅವಮಾನ ಮಾಡಿದ ಹಾಗೆ ಕಾಣುತ್ತದೆ.

ಅದಕ್ಕೇ ಆ ರಾತ್ರಿಯ ಜಾನ್ ಸೀನಾ ಮತ್ತು ರ‍್ಯಾಂಡಿ ಓರ್ಟನ್‌ನ 'ಐ ಕ್ವಿಟ್' ('ಸೋತೆ' ಅನ್ನುವ ತನಕ) ಪಂದ್ಯ ನನಗೆ ನೋಡಲಾಗಲಿಲ್ಲ. ಕೈಗೆ ಬೇಡಿ ಹಾಕಿ ಹೊಡೆಯುವುದು, ಮಧ್ಯೆ ಮಧ್ಯೆ ರೆಫ್ರಿ ಮೈಕ್ ಹಿಡಿದು ಕೇಳುವುದು. ಅದರಲ್ಲಿ ಕುಸ್ತಿ ಎಲ್ಲಿದೆ?

ಶಾರ್ಪ್‌ಶೂಟರ್_ಫ್ಯಾನ್
ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಅರ್ಧ. ಆ ಪಂದ್ಯದ ಕೊನೆ ನೋಡಿ. ಸೀನಾ ಬೇಡಿಯಿಂದ ಓರ್ಟನ್‌ನನ್ನೇ ತನ್ನ ಕೈಗೆ ಕಟ್ಟಿಕೊಂಡು ಎಸ್‌ಟಿಎಫ್ ಅನ್ನುವ ತನ್ನ ಪಟ್ಟು ಹಾಕಿದ. ಓರ್ಟನ್ 'ಐ ಕ್ವಿಟ್' ಅಂದ. ಅಷ್ಟು ಹೊತ್ತು ಹೊಡೆದವನೇ ಕೊನೆಗೆ ಆ ಮಾತು ಹೇಳಬೇಕಾಯಿತು. ನನಗೆ ಅದು ಅವಮಾನ ಅನ್ನಿಸಲಿಲ್ಲ, ಲೆಕ್ಕ ಚುಕ್ತಾ ಆದ ಹಾಗೆ ಅನ್ನಿಸಿತು.

ನೀಲಾ_ಜೂಡೋ
ನಾನು ಕಾಲೇಜಿನಲ್ಲಿ ಜೂಡೋ ಆಡುತ್ತಿದ್ದೆ. ಹಾಗಾಗಿ ಪೈಲ್ವಾನ್ ಸರ್ ಮಾತಿಗೆ ಒಂದು ಉತ್ತರ ಕೊಡಬೇಕು. ಕೈ ತಟ್ಟುವುದು ಅವಮಾನ ಅಲ್ಲ ಸರ್. ನಮಗೆ ಮೊದಲ ವಾರ ಕಲಿಸಿದ್ದೇ ಅದು. ಕುತ್ತಿಗೆ ಬಿಗಿದರೆ, ಮೊಣಕೈ ತಿರುಚಿದರೆ ತಕ್ಷಣ ತಟ್ಟು. ತಟ್ಟಿದ ಕ್ಷಣ ಎದುರಿನವಳು ಬಿಡುತ್ತಾಳೆ. ಅದು ಇಬ್ಬರ ನಡುವಿನ ನಂಬಿಕೆ. ತಟ್ಟದೆ ಹಟ ಹಿಡಿದವರೇ ಕೈ ಮುರಿದುಕೊಳ್ಳುವುದು.

ಇದರಿಂದಲೇ ನನಗೆ ಈ ಪಂದ್ಯಗಳಲ್ಲಿ ಒಂದು ತೊಂದರೆ ಕಾಣುತ್ತದೆ. ನಿಜವಾದ ಕುತ್ತಿಗೆ ಪಟ್ಟು ಸರಿಯಾಗಿ ಬಿಗಿದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಟಿವಿಯಲ್ಲಿ ನಿಮಿಷಗಟ್ಟಲೆ ಒದ್ದಾಡಿ ಹಗ್ಗದ ಕಡೆ ತೆವಳುತ್ತಾರೆ. ಹೆಲ್ಸ್ ಗೇಟ್ ಜು-ಜಿತ್ಸುವಿನ ಗೊಗೊಪ್ಲಾಟಾ. ಅದನ್ನು ಹಾಕುವುದೇ ಕಷ್ಟ, ಹಾಕಿದ ಮೇಲೆ ಬಿಡಿಸಿಕೊಳ್ಳುವುದೂ ಕಷ್ಟ. 2009ರ ಹೊತ್ತಿಗೆ ಯುಎಫ್‌ಸಿ (ನಿಜವಾಗಿ ಹೊಡೆದಾಡುವ ಪಂದ್ಯಗಳು) ನೋಡುವ ಜನ ಜಾಸ್ತಿ ಆಗಿದ್ದರು. ನಿಜ ಹೇಗಿರುತ್ತದೆ ಅಂತ ಗೊತ್ತಾದ ಜನರ ಮುಂದೆ ಇಡೀ ರಾತ್ರಿ ಸಬ್‌ಮಿಷನ್ ಆಟ ಆಡಿದರೆ ನಂಬಿಸುವುದು ಸುಲಭ ಅಲ್ಲ. ಒಂದು ಪಂದ್ಯ ಆದರೆ ಸರಿ. ಮೂರು ಆದರೆ ಗುಟ್ಟು ಬಿಟ್ಟುಕೊಟ್ಟ ಹಾಗೆ.

ಟೆನ್‌ಸ್ಪೋರ್ಟ್ಸ್_ಹುಡುಗ
ಮೇಡಂ, ಹಾಗಾದರೆ ರೊಂಡಾ ರೌಸಿ? ಅವರೂ ಜೂಡೋದಿಂದಲೇ ಬಂದವರು, ಅಲ್ವಾ?

ನೀಲಾ_ಜೂಡೋ
ಹೌದು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು. 2022ರ ಮೇ ತಿಂಗಳಲ್ಲಿ ಷಾರ್ಲಟ್ ಫ್ಲೇರ್ ಜೊತೆ ಅವರ 'ಐ ಕ್ವಿಟ್' ಪಂದ್ಯ ಇತ್ತು, ಅದನ್ನು ನಾನು ಉಸಿರು ಹಿಡಿದು ನೋಡಿದೆ. ಕೈ ಪಟ್ಟು ಹಾಕಿದಾಗ ನಂಬಿದೆ, ಯಾಕೆಂದರೆ ಆ ಪಟ್ಟು ಅವರ ಮೈಯಲ್ಲೇ ಇದೆ. ನನ್ನ ವಾದ ಅದೇ. ಯಾರು ಹಾಕುತ್ತಾರೆ ಅನ್ನುವುದು ಮುಖ್ಯ. ಶೋ ತುಂಬಿಸಲು ಎಲ್ಲರ ಕೈಗೂ ಒಂದೊಂದು ಪಟ್ಟು ಕೊಟ್ಟರೆ ಆಗಲ್ಲ.

ಬೆಳಗಾವಿ_ಪೈಲ್ವಾನ್
ನಂಬಿಕೆಯ ಮಾತು ಚೆನ್ನಾಗಿ ಹೇಳಿದಿರಿ ತಂಗಿ. ನಾನು ಹಾಗೆ ಯೋಚಿಸಿರಲಿಲ್ಲ.

ಇನ್ನೊಂದು ಕೇಳಬೇಕಿತ್ತು. ಅದೇ ರಾತ್ರಿ ನಮ್ಮ ಹಿಮಾಚಲದ ಖಲಿಯೂ ಇದ್ದ. ಕೇನ್ ಜೊತೆ ಬೆತ್ತದ ಪಂದ್ಯ, ಸೋತ. ಖಲಿಗೆ ಎರಡು ಕೈಯಲ್ಲಿ ತಲೆ ಹಿಂಡುವ ವೈಸ್ ಗ್ರಿಪ್ ಇತ್ತಲ್ಲ? ಅದು ಸಬ್‌ಮಿಷನ್ ಪಟ್ಟೇ. ಸಬ್‌ಮಿಷನ್ ಶೋ ಅಂತ ಹೆಸರಿಟ್ಟು ಅವನ ಕೈಗೆ ಬೆತ್ತ ಯಾಕೆ ಕೊಟ್ಟರು?

ಶಾರ್ಪ್‌ಶೂಟರ್_ಫ್ಯಾನ್
ಇದು ನನಗೂ ಬೇಸರ ಅಣ್ಣ. ಏಳು ಪಂದ್ಯಗಳಲ್ಲಿ ಮೂರಕ್ಕೆ ಮಾತ್ರ ಆ ನಿಯಮ. ಕ್ರಿಶ್ಚಿಯನ್ ಮತ್ತು ವಿಲಿಯಂ ರೀಗಲ್ ಪಂದ್ಯ ಮಾಮೂಲಿ ನಿಯಮದಲ್ಲಿ ಆಯಿತು. ರೀಗಲ್‌ನಷ್ಟು ಪಟ್ಟು ಗೊತ್ತಿದ್ದವನು ಆ ಲಾಕರ್ ರೂಮಿನಲ್ಲಿ ಯಾರಿದ್ದರು? ಇವರಿಬ್ಬರಿಗೆ ಅರ್ಧ ಗಂಟೆ, ಪಿನ್ ಇಲ್ಲ ಅಂತ ಕೊಟ್ಟು ನೋಡಬೇಕಿತ್ತು.

ನೀಲಾ ಅವರೇ, ನಂಬಿಸುವುದು ಕಷ್ಟ ಅಂದಿರಿ. ಅದಕ್ಕೆ 1997ರ ಮಾರ್ಚ್ 23, ರೆಸಲ್‌ಮೇನಿಯಾ 13 ನೋಡಿ. ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್, ಸಬ್‌ಮಿಷನ್ ಪಂದ್ಯ. ರೆಫ್ರಿ ಕೆನ್ ಶ್ಯಾಮ್‌ರಾಕ್, ಯುಎಫ್‌ಸಿಯಿಂದ ಬಂದವನು. ಆಸ್ಟಿನ್ ಮುಖದ ತುಂಬ ರಕ್ತ. ಬ್ರೆಟ್ ಅವನ ಕಾಲು ಹೆಣೆದು, ಬೋರಲು ಹಾಕಿ, ಸೊಂಟದ ಮೇಲೆ ಕೂತ. ಆಸ್ಟಿನ್ ಕೈ ತಟ್ಟಲೇ ಇಲ್ಲ. ಪ್ರಜ್ಞೆ ತಪ್ಪಿತು, ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸಿದ. ಆ ದಿನ ಗೆದ್ದ ಬ್ರೆಟ್ ಕೆಟ್ಟವನಾದ, ಸೋತ ಆಸ್ಟಿನ್ ಜನರ ಮನುಷ್ಯನಾದ. ಪಿನ್‌ನಿಂದ ಇದು ಯಾವತ್ತೂ ಆಗುತ್ತಿರಲಿಲ್ಲ.

ನೀಲಾ_ಜೂಡೋ
ಅದು ಒಪ್ಪಿದೆ. ಆದರೆ ಗಮನಿಸಿ, ಆ ರಾತ್ರಿ ಅಂಥ ಪಂದ್ಯ ಇದ್ದದ್ದು ಒಂದೇ.

ಟೊರೊಂಟೊ_ಕನ್ನಡಿಗ
ಬೆಲ್ ಆಟ ಆಡಿಸಲೇಬೇಕು ಅಂದರೆ ಅದಕ್ಕೂ ಒಂದು ಒಳ್ಳೆಯ ದಾರಿ ಇದೆ. 2015ರ ಸಮ್ಮರ್‌ಸ್ಲ್ಯಾಮ್, ಬ್ರೂಕ್ಲಿನ್. ಬ್ರಾಕ್ ಲೆಸ್ನರ್‌ನ ಪಟ್ಟಿಗೆ ಅಂಡರ್‌ಟೇಕರ್ ನಿಜವಾಗಿ ಕೈ ತಟ್ಟಿದ. ರೆಫ್ರಿಗೆ ಕಾಣಲಿಲ್ಲ, ಬೆಲ್ ಹತ್ತಿರ ಕೂತವನಿಗೆ ಕಂಡಿತು, ಬಾರಿಸಿದ. ಆ ಗಲಾಟೆಯಲ್ಲೇ ಟೇಕರ್ ಮೋಸದಿಂದ ಹೊಡೆದು ಹೆಲ್ಸ್ ಗೇಟ್ ಹಾಕಿದ. ಬ್ರಾಕ್ ಕೈ ತಟ್ಟದೆ, ನಡುಬೆರಳು ತೋರಿಸುತ್ತಲೇ ಪ್ರಜ್ಞೆ ತಪ್ಪಿದ. ತಟ್ಟಿದವನು ಗೆದ್ದ, ತಟ್ಟದವನು ಸೋತ. ವಾದ ಮಾಡಲು ಜನರಿಗೆ ಏನೋ ಸಿಕ್ಕಿತು. ಮಾಂಟ್ರಿಯಲ್‌ನಲ್ಲಿ ಸಿಕ್ಕಿದ್ದು ಹಳೆಯ ನೋವು ಮಾತ್ರ.

ಟೆನ್‌ಸ್ಪೋರ್ಟ್ಸ್_ಹುಡುಗ
ನನಗೆ ಈ ಇಡೀ ವಿಷಯ ಅರ್ಥ ಆದದ್ದು 2025ರ ಡಿಸೆಂಬರ್ 13ಕ್ಕೆ. ಸೀನಾನ ಕೊನೆಯ ಪಂದ್ಯ, ವಾಷಿಂಗ್ಟನ್‌ನಲ್ಲಿ, ಗುಂಥರ್ ಜೊತೆ. 'ನೆವರ್ ಗಿವ್ ಅಪ್' ಅಂತ ಟೀಶರ್ಟ್ ಹಾಕಿಕೊಂಡು ಬಂದವನು ಅವನು. ನನ್ನ ಹತ್ತಿರವೂ ಒಂದು ಇತ್ತು, ಶಿವಾಜಿನಗರದಲ್ಲಿ ತಗೊಂಡಿದ್ದು. ಗುಂಥರ್ ಕುತ್ತಿಗೆಗೆ ಸ್ಲೀಪರ್ ಪಟ್ಟು ಹಾಕಿದ. ಸೀನಾ ಒಂದು ಸಲ ನಕ್ಕ. ಆಮೇಲೆ ಕೈ ತಟ್ಟಿದ.

ನಾನು ಅತ್ತೆ. ಕ್ರೌಡ್ ಸಿಟ್ಟಿಗೆದ್ದು ಕೂಗಿತು. ಪಿನ್ ಆಗಿ ಸೋತಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ. ಅದಕ್ಕೇ ಹೇಳುವುದು ಗುರು, ಇದನ್ನು ವರ್ಷಕ್ಕೊಂದು ಶೋ ಅಂತ ಮಾಡಬೇಡಿ. ಅಷ್ಟು ವರ್ಷ ಅವನು ತಟ್ಟದೆ ಇದ್ದದ್ದರಿಂದಲೇ ಅವತ್ತು ಅದು ಎದೆಗೆ ತಾಗಿತು.

ಶಾರ್ಪ್‌ಶೂಟರ್_ಫ್ಯಾನ್
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇಡೀ ಶೋ ಬೇಕು ಅನ್ನುವ ಮಾತು ವಾಪಸ್ ತಗೊಳ್ಳುತ್ತೇನೆ. ಆದರೆ ವರ್ಷಕ್ಕೆ ಒಂದು ಪಂದ್ಯ, ಸರಿಯಾದ ಇಬ್ಬರಿಗೆ, ಹಗ್ಗದ ನೆರವಿಲ್ಲದೆ. ಅಷ್ಟಾದರೂ ಕೇಳುತ್ತೇನೆ.

ಬೆಳಗಾವಿ_ಪೈಲ್ವಾನ್
ಆ ರೆಸಲ್‌ಮೇನಿಯಾ 13 ಪಂದ್ಯ ನಾನು ನೋಡಿಲ್ಲ. ಈ ಭಾನುವಾರ ಮಗನ ಜೊತೆ ಕೂತು ನೋಡುತ್ತೇನೆ. ಆಸ್ಟಿನ್ ಕೈ ತಟ್ಟಲಿಲ್ಲ ಅಂತ ಅವನಿಗೆ ಮೊದಲೇ ಹೇಳಲ್ಲ.